ಪುಣೆಯಿಂದ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ: ದುಡ್ಡು ಮೊದಲು ಬ್ರೇಕಿಗೆ ಹಾಕ್ರಿ

ಪುಣೆಯ ಭೋಸರಿ ಗ್ಯಾರೇಜಿನಾಗ ನಮ್ಮ ಕಡೆ ಹುಡುಗ್ರು ಸಿಕ್ಕಾಗೆಲ್ಲಾ ಕೇಳೋದು ಒಂದೇ, "ಅಣ್ಣಾ, ರೇಸಿಗೆ ಇಂಜಿನ್‌ಗೆ ಏನೇನ್ ಮಾಡಿಸೀರಿ?" ಏನೂ ಇಲ್ಲ. ನಾ ಓಡಿಸೋದು ನೊವೈಸ್ ಸ್ಟಾಕ್ ಕ್ಲಾಸು, ಅಂದ್ರ ಕಂಪನಿ ಬೈಕನ್ನ ಹಂಗೇ ಓಡಿಸೋ ಹೊಸಬರ ವಿಭಾಗ, ಬೈಕು ಅಪಾಚೆ 160, ಇಂಜಿನ್ ಕಂಪನಿ ಕೊಟ್ಟಂಗ ಐತಿ, ಇದ್ದ ದುಡ್ಡೆಲ್ಲಾ ಟೈರು, ಬ್ರೇಕ್ ಪ್ಯಾಡು, ಪ್ರಾಕ್ಟೀಸಿಗೆ ಹಾಕೀನಿ.

ಯಾಕಂದ್ರ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಸಣ್ಣ ಟ್ರ್ಯಾಕು, ಸುಮಾರು 2.1 ಕಿಮೀ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿಮೀ, ಅಲ್ಲಿ ಉದ್ದ ಸ್ಟ್ರೇಟಿನಾಗ ಪವರ್ ಕೆಲಸಕ್ಕ ಬರ್ತದ, ಇಲ್ಲಿ ಹಂಗಲ್ಲ, ಟರ್ನ್ ಮೇಲೆ ಟರ್ನ್.

ಬ್ರೇಕ್ ಹಿಡಿಯೋದು ಕಲಿಯೋಕೇ ನನಗ ಹೆಚ್ಚು ಟೈಮ್ ಹೋತು. ಲಿವರ್ ಒಮ್ಮೆಲೇ ಹಿಂಡಬಾರದು, ಮೊದಲು ಮೆತ್ತಗ, ಮುಂದಿನ ಫೋರ್ಕ್ ಕೆಳಗ ಕೂತು ತೂಕ ಮುಂದಿನ ಟೈರಿಗೆ ಬಂದ ಮ್ಯಾಲ ಜೋರಾಗಿ, ಆಮೇಲೆ ಬೈಕ್ ವಾಲಿಸ್ತಾ ವಾಲಿಸ್ತಾ ಬೆರಳು ಸಡಿಲ ಮಾಡ್ತಾ ಹೋಗಬೇಕು, ಕಣ್ಣು ಚಕ್ರದ ಮ್ಯಾಲ ಅಲ್ಲ, ಟರ್ನ್ ಮುಗಿಯೋ ಕಡೆ. ರೇಸಿನಾಗ ಸ್ಟ್ರೇಟಿನಲ್ಲಿ ನನ್ನ ದಾಟಿ ಹೋದ ಹುಡುಗ ಮುಂದಿನ ಟರ್ನಿಗೆ ಬೇಗ ಬ್ರೇಕ್ ಹಿಡಿದ, ನಾ ಒಳಗಿನಿಂದ ನುಗ್ಗಿದೆ, ಮತ್ತ ಅವ ನನ್ನ ಹಿಂದೇ ಉಳಿದ. ಆ ಖುಷಿ ಏನಂತ ಹೇಳ್ಲಿ!

ಲೈಸೆನ್ಸ್ ಎಫ್‌ಎಂಎಸ್‌ಸಿಐ ಅಂದ್ರ ಭಾರತದ ಮೋಟರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ್ದು ಬೇಕೇ ಬೇಕು, ಅದಕ್ಕೂ ಮೊದಲು ರೇಸಿಂಗ್ ಸ್ಕೂಲಿನಾಗ ಟ್ರೇನಿಂಗ್ ತಗೊಳ್ರಿ. ಲೆದರ್ ಸೂಟು, ಬ್ಯಾಕ್ ಪ್ರೊಟೆಕ್ಟರ್, ಬೂಟು, ಗ್ಲೌಸು ಇವುಗಳಾಗ ಉಳಿತಾಯ ಬ್ಯಾಡ. ಕನ್ನಡಿ, ಇಂಡಿಕೇಟರ್ ಬಿಚ್ಚಿ, ಆಯಿಲ್ ಡ್ರೈನ್ ಬೋಲ್ಟಿನ ತಲೆಗೆ ತೂತು ಹಾಕಿ ಸ್ಟೀಲ್ ತಂತಿ ಬಿಗೀಬೇಕು, ತಂತಿ ಬೋಲ್ಟನ್ನ ಟೈಟ್ ಆಗೋ ದಿಕ್ಕಿಗೇ ಎಳೀತಿರಬೇಕು, ಉಲ್ಟಾ ಕಟ್ಟಿದ್ರ ಕಟ್ಟಿದ್ದಕ್ಕ ಅರ್ಥ ಇಲ್ಲ. ಆ ಬೋಲ್ಟ್ ಬಿಚ್ಕೊಂಡು ಟ್ರ್ಯಾಕಿನ ಮ್ಯಾಲ ಆಯಿಲ್ ಚೆಲ್ಲಿದ್ರ ಹಿಂದಿನವ್ರೆಲ್ಲಾ ಬೀಳ್ತಾರ.

ಈ ಟ್ರ್ಯಾಕಿಗೆ ಎಸ್. ಕರಿವರ್ಧನ್ ಅವರ ಹೆಸರು ಇಟ್ಟಾರ. ಮಾರುತಿ 800 ಇಂಜಿನ್ ಹಾಕಿ ಕಮ್ಮಿ ಖರ್ಚಿನಾಗ ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದವ್ರು ಅವರು. ಫ್ಯಾಕ್ಟರಿಯಾಗ ಶಿಫ್ಟ್ ಡ್ಯೂಟಿ ಮಾಡೋ ನಮ್ಮಂಥವ್ರು ಇವತ್ತು ರೇಸ್ ಶುರುವಾಗೋ ಗ್ರಿಡ್‌ನಾಗ ನಿಲ್ತೀವಿ ಅಂದ್ರ ಅಂಥವ್ರ ಪುಣ್ಯ ಅಂತಲೇ ನಾ ಅನ್ಕೋತೀನಿ.

ಪುಣೆಯಿಂದ ಹೋಗೋದಾದ್ರ ಬೈಕ್ ವ್ಯಾನಿನಾಗ ಹಾಕಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಸೇಲಂ ದಾರಿ ಹಿಡೀರಿ, ಹುಬ್ಬಳ್ಯಾಗ ಊಟ ಮುಗಿಸಿ ಡ್ರೈವರ್ ಬದಲಾಯಿಸ್ರಿ. ಒಬ್ಬರೇ ಹೋದ್ರ ಬಾಡಿಗೆ ಭಾಳ ಆಗ್ತದ, ಇಬ್ಬರು ಸೇರಿ ಎರಡು ಬೈಕ್ ಒಯ್ದ್ರ ಆರಾಮ, ಬ್ರೇಕ್ ಪ್ಯಾಡ್ ಮಾತ್ರ ಎಕ್ಸ್ಟ್ರಾ ಒಂದು ಸೆಟ್ ಇಟ್ಕೊಳ್ರಿ.