ಮುಂಬಾಗಿಲು, ಪ್ಯಾಸೇಜ್: ಬಹುಕಾಲ ಬಾಳುವ ನೆಲ ಆರಿಸುವುದು ಹೇಗೆ?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಒಂದು ರೂಢಿ ಇದೆ. ಹಾಲ್‌ಗೆ ಆರಿಸಿದ ಫಳಫಳ ಹೊಳೆಯುವ ಟೈಲ್ಸನ್ನೇ ಹೊಸ್ತಿಲು ದಾಟಿಸಿ ಪೋರ್ಟಿಕೋವರೆಗೂ ಹಾಸಿಬಿಡುತ್ತಾರೆ. ಗೃಹಪ್ರವೇಶದ ದಿನ ಚೆನ್ನಾಗಿಯೇ ಕಾಣುತ್ತದೆ. ಕೆಲವು ವರ್ಷ ಕಳೆಯಲಿ, ಬಾಗಿಲಿನಿಂದ ಒಳಗೆ ನಡೆಯುವ ದಾರಿ ಮಾತ್ರ ಮಂಕಾಗಿ ಎದ್ದು ಕಾಣುತ್ತದೆ. ಸೋಫಾ ಕೆಳಗಿನ ನೆಲ ಹೊಸದರಂತೆಯೇ ಇರುತ್ತದೆ!

ಇದು ಮರಳಿನ ಕೆಲಸ. ಮರಳಿನಲ್ಲಿ ಜಾಸ್ತಿ ಇರುವುದು ಬೆಣಚುಕಲ್ಲಿನ ಚೂರು. ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಗ್ರಾನೈಟ್ 6ರಿಂದ 7ರ ಆಸುಪಾಸು. ಅಮೃತಶಿಲೆ ಬರೀ 3. ಕಾಲಡಿ ಸಿಕ್ಕ ಮರಳು ತನಗಿಂತ ಮೆತ್ತಗಿನದನ್ನೆಲ್ಲ ಗೀರುತ್ತದೆ. ‘ನಾವು ಚಪ್ಪಲಿ ಹೊರಗೇ ಬಿಡ್ತೀವಿ’ ಎನ್ನಬಹುದು. ಆದರೆ ಚಪ್ಪಲಿ ಸ್ಟ್ಯಾಂಡ್ ಇರುವುದು ಬಾಗಿಲ ಪಕ್ಕದಲ್ಲೇ ಅಲ್ವಾ? ಜೊತೆಗೆ ಗಾಳಿಗೆ ಬರುವ ದೂಳು, ಪೋರ್ಟಿಕೋಗೆ ಹತ್ತಿಸುವ ಸ್ಕೂಟರ್, ರಂಗೋಲಿಯ ಕಲ್ಲುಪುಡಿ ಬೇರೆ.

1. ಜಾಗವನ್ನು ಮೂರು ಪಾಲು ಮಾಡಿ

ಹೊರಗಿನ ಮೆಟ್ಟಿಲು ಮತ್ತು ಪೋರ್ಟಿಕೋ ಒಂದು. ಬಾಗಿಲ ಒಳಗಿನ ನಾಲ್ಕೈದು ಅಡಿ ಇನ್ನೊಂದು. ಅಲ್ಲಿಂದ ರೂಮುಗಳಿಗೆ ಹೋಗುವ ಪ್ಯಾಸೇಜ್ ಮೂರನೆಯದು. ಮೂರಕ್ಕೂ ಒಂದೇ ವಸ್ತು ಹಾಕಲೇಬೇಕೆಂದಿಲ್ಲ. ದುಡ್ಡು ಸಾಲದಿದ್ದರೆ ಮೊದಲ ಎರಡಕ್ಕೆ ಸುರಿಯಿರಿ, ಮೂರನೆಯದರಲ್ಲಿ ಉಳಿಸಿ.

2. ಹೊರಗೆ ಗ್ರಾನೈಟ್, ಆದರೆ ಪಾಲಿಶ್ ಬೇಡ

ಹೊರಗಿನ ಜಾಗಕ್ಕೆ ಗ್ರಾನೈಟ್ ಬಿಟ್ಟು ಬೇರೆ ಯೋಚಿಸುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಶಿರಾದ ಬೂದು ಕಲ್ಲು, ಇಳಕಲ್ಲಿನ ಕೆಂಪು ಕಲ್ಲು ಎರಡೂ ನಮ್ಮ ರಾಜ್ಯದವೇ. ಶಿರಾ ಅಂತೂ ಹಿರಿಯೂರಿನಿಂದ ಆಚೆಗೇ ಇದೆ.

ಆದರೆ ಪಾಲಿಶ್ ಮಾಡಿದ ಗ್ರಾನೈಟ್ ಒದ್ದೆಯಾದರೆ ಜಾರುತ್ತದೆ. ನಮ್ಮ ಕಡೆ ಮಳೆಯೇ ಕಮ್ಮಿ, ಜಾರುವುದೇನು ಬಂತು ಎಂದುಕೊಳ್ಳಬೇಡಿ. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಹೊಸ್ತಿಲು ತೊಳೆಯುವ ಮನೆಗಳು ನಮ್ಮವು. ಸರಿಯಾಗಿ ಅದೇ ಹೊತ್ತಿಗೆ ಅಜ್ಜ ವಾಕಿಂಗ್‌ಗೆ ಹೊರಡುತ್ತಾರೆ. ಆದ್ದರಿಂದ ಬೆಂಕಿ ಹಾಯಿಸಿ ಒರಟು ಮಾಡಿದ ‘ಫ್ಲೇಮ್ಡ್’ ಅಥವಾ ಬ್ರಷ್ ಹಾಯಿಸಿ ತರಿತರಿ ಮಾಡಿದ ‘ಲೆದರ್’ ಫಿನಿಶ್ ಕೇಳಿ. ಟೈಲ್ಸೇ ಬೇಕೆಂದರೆ ಜಾರುವಿಕೆಯ ದರ್ಜೆ ನೋಡಿ. ಅದು ಆರ್ 9ರಿಂದ ಆರ್ 13ರವರೆಗೆ ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹೊರಗೆ ಆರ್ 11 ಇರಲಿ.

ಶಹಾಬಾದ್, ಕಡಪ ಕಲ್ಲು ಅಗ್ಗ. ಇವು ಸುಣ್ಣಕಲ್ಲಿನ ಜಾತಿ, ಬೇಗ ಗೀರು ಬೀಳುತ್ತದೆ. ಆದರೆ ಪಾಲಿಶ್ ಮಾಡದೆ ಹಾಸಿದರೆ ಗೀರು ಕಣ್ಣಿಗೆ ಹೊಡೆಯುವುದಿಲ್ಲ. ಹಿತ್ತಲ ಬಾಗಿಲಿಗೆ ಧಾರಾಳವಾಗಿ ಸಾಕು.

3. ಒಳಗಿನ ಟೈಲ್ಸಿನ ಅಂಚು ನೋಡಿ

ಅಂಗಡಿಯಲ್ಲಿ ಮೇಲ್ಮೈ ನೋಡಿ ಮರುಳಾಗುವ ಬದಲು ಟೈಲ್ಸನ್ನು ಪಕ್ಕಕ್ಕೆ ತಿರುಗಿಸಿ. ಗ್ಲೇಜ್ಡ್ ಟೈಲ್ಸಿನಲ್ಲಿ ಬಣ್ಣ, ಚಿತ್ರ ಎಲ್ಲ ಮೇಲಿನ ತೆಳು ಪದರದಲ್ಲಷ್ಟೇ ಇರುತ್ತದೆ. ಅದು ಸವೆದರೆ ಮುಗಿಯಿತು. ‘ಡಬಲ್ ಚಾರ್ಜ್’ನಲ್ಲಿ ಬಣ್ಣದ ಪದರ ಸುಮಾರು 3-4 ಮಿಲಿಮೀಟರ್ ದಪ್ಪ. ‘ಫುಲ್ ಬಾಡಿ’ಯಲ್ಲಿ ಬಣ್ಣ ಕೆಳಗಿನವರೆಗೂ ಇರುವುದರಿಂದ ಮೂಲೆ ಚಕ್ಕೆ ಎದ್ದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಬಾಗಿಲ ಬಳಿಗೆ ಹೊಳಪಿಲ್ಲದ ಮ್ಯಾಟ್ ಫಿನಿಶ್‌ನ ಫುಲ್ ಬಾಡಿ, ಪ್ಯಾಸೇಜ್‌ಗೆ ಡಬಲ್ ಚಾರ್ಜ್ ಸರಿಹೋಗುತ್ತದೆ. ಗ್ಲೇಜ್ಡ್ ಟೈಲ್ಸೇ ಇಷ್ಟವಾದರೆ ಸವೆತ ತಡೆಯುವ ಶಕ್ತಿ ಹೇಳುವ ಪಿಇಐ ದರ್ಜೆ 4 ಅಥವಾ 5 ಇರುವುದನ್ನು ಕೇಳಿ ತೆಗೆದುಕೊಳ್ಳಿ.

ವುಡನ್ ಲ್ಯಾಮಿನೇಟ್ ಬಾಗಿಲ ಬಳಿ ಬೇಡವೇ ಬೇಡ. ನೀರು ಕುಡಿದು ಉಬ್ಬುತ್ತದೆ.

4. ಮನೆಯ ಮಣ್ಣನ್ನೇ ಅಂಗಡಿಗೆ ಒಯ್ಯಿರಿ

ನಿಮ್ಮ ಅಂಗಳದ ಮಣ್ಣು ಒಂದು ಪೊಟ್ಟಣ ಕಟ್ಟಿಕೊಂಡು ಹೋಗಿ. ಅಂಗಡಿಯವರನ್ನು ಕೇಳಿ ಸ್ಯಾಂಪಲ್ ತುಂಡಿನ ಮೇಲೆ ಉದುರಿಸಿ, ಇನ್ನೊಂದು ತುಂಡಿನಿಂದ ಜೋರಾಗಿ ಉಜ್ಜಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಅವರು ನಕ್ಕರೆ ನಗಲಿ. ಟೈಲ್ಸಿನ ಬೆನ್ನಿಗೆ ಒಂದು ಹನಿ ನೀರು ಬಿಡಿ. ಮಾಮೂಲಿ ಸಿರಾಮಿಕ್ ಬೇಗ ಹೀರಿಕೊಳ್ಳುತ್ತದೆ. ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಗಟ್ಟಿಯಾದ ವಿಟ್ರಿಫೈಡ್ ಟೈಲ್ಸ್ (ಡಬಲ್ ಚಾರ್ಜ್, ಫುಲ್ ಬಾಡಿ ಈ ಜಾತಿಯವೇ) ನೀರು ಹೀರುವುದು ಶೇ 0.5ಕ್ಕಿಂತ ಹೆಚ್ಚಿರಬಾರದು, ಹನಿ ಹಾಗೇ ನಿಲ್ಲುತ್ತದೆ. ಎರಡು ಟೈಲ್ಸನ್ನು ಮುಖಕ್ಕೆ ಮುಖ ಇಟ್ಟು ಒತ್ತಿದರೆ ಬಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಒಂದು ತುಂಡನ್ನು ಮನೆಗೆ ತಂದು ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಸೋಪಿಗೆ ಹೋಗದಿದ್ದರೆ ಹೊಸ್ತಿಲ ಹತ್ತಿರ ಅದನ್ನು ಹಾಕಬೇಡಿ.

5. ಲೆಕ್ಕ

4 ಅಡಿ ಅಗಲ, 20 ಅಡಿ ಉದ್ದದ ಪ್ಯಾಸೇಜ್ ಅಂದರೆ 80 ಚದರ ಅಡಿ. ಕಟಿಂಗ್‌ಗೆ ಶೇ 10 ಸೇರಿಸಿದರೆ 88. ಎರಡಡಿ ಚೌಕದ (ನಿಜ ಅಳತೆ 60 ಸೆಂ.ಮೀ.) ನಾಲ್ಕು ಟೈಲ್ಸಿನ ಬಾಕ್ಸ್ ಸುಮಾರು 15.5 ಚದರ ಅಡಿಗೆ ಬರುತ್ತದೆ. ಆರು ಬಾಕ್ಸ್ ಬೇಕು. ಎಲ್ಲದರ ಮೇಲೂ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇರಲಿ.

6. ಹಾಸುವ ಮುಂಚೆ ಕೆಳಗೆ ನೋಡಿ

ದಾವಣಗೆರೆ ಸುತ್ತ ಎರೆಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ನೆಲ ಹಾಸಿದರೆ ಎಂಥ ದುಬಾರಿ ಕಲ್ಲೂ ಸೀಳುತ್ತದೆ. ಎರೆ ತೆಗೆಸಿ, ಗರಸು ತುಂಬಿಸಿ, ನೀರು ಹಾಕಿ ದಿಮ್ಮಸು ಹೊಡೆಸಿ, ಆಮೇಲೆ ಕಾಂಕ್ರೀಟ್ ಬೆಡ್.

ಪೋರ್ಟಿಕೋಗೆ ವಾಟ ಹೊರಗಡೆಗೆ ಇರಬೇಕು. ಎಂಟು ಅಡಿಗೆ ಒಂದು ಇಂಚು ಸಾಕು. ವಿಟ್ರಿಫೈಡ್ ಟೈಲ್ಸ್ ನೀರು ಹೀರದ ಕಾರಣ ಬರೀ ಸಿಮೆಂಟ್ ಹಾಲು ಸರಿಯಾಗಿ ಹಿಡಿಯುವುದಿಲ್ಲ. ಟೈಲ್ ಅಡ್ಹೆಸಿವ್ ತರಿಸಿ, ಹಲ್ಲಿನ ಕರಣೆಯಿಂದ ಪೂರ್ತಿ ಎಳೆಸಿ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಕೂರಿಸುವ ಮೇಸ್ತ್ರಿಯನ್ನು ಅಲ್ಲೇ ತಡೆಯಿರಿ. ಒಣಗಿದ ಮೇಲೆ ನಾಣ್ಯದಿಂದ ಬಡಿದಾಗ ಟೊಳ್ಳು ಸದ್ದು ಬಂದ ಕಡೆ ಸ್ಕೂಟರ್ ನಿಲ್ಲಿಸಿದರೆ ಒಡೆಯುತ್ತದೆ. ಸಂದು 2-3 ಮಿಲಿಮೀಟರ್ ಬಿಡಿಸಿ. ಬಾಗಿಲ ಬಳಿಯ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ, ಅರಿಶಿನ, ಎಣ್ಣೆ ಇಳಿಯುವುದಿಲ್ಲ.

ಬಾಗಿಲ ಎತ್ತರವನ್ನೂ ಈಗಲೇ ಲೆಕ್ಕ ಹಾಕಿ. ಗ್ರಾನೈಟ್ ದಪ್ಪ ಸಾಮಾನ್ಯವಾಗಿ 18 ಮಿಲಿಮೀಟರ್, ಕೆಳಗಿನ ಗಾರೆ ಬೇರೆ, ಮೇಲೊಂದು ಮ್ಯಾಟು.

7. ಆಮೇಲಿನ ಆರೈಕೆ

ಹೊರಗೆ ಒರಟಾದ ನಾರಿನ ಮ್ಯಾಟ್, ಒಳಗೆ ಬಟ್ಟೆಯ ಮ್ಯಾಟ್, ಎರಡೂ ಇರಲಿ. ಒದ್ದೆ ಬಟ್ಟೆಯಲ್ಲಿ ಒರೆಸುವ ಮೊದಲು ಗುಡಿಸಿ. ಇಲ್ಲದಿದ್ದರೆ ನಾವೇ ಮರಳು ಹಾಕಿ ತಿಕ್ಕಿದಂತೆ. ಬೋರ್ ನೀರಿನ ಬಿಳಿ ಕಲೆ ತೆಗೆಯಲು ಆ್ಯಸಿಡ್ ಸುರಿಯಬೇಡಿ. ಸಿಮೆಂಟ್ ಗ್ರೌಟನ್ನೂ ಕಡಪ, ಶಹಾಬಾದ್ ಕಲ್ಲನ್ನೂ ಅದು ತಿನ್ನುತ್ತದೆ. ತೊಳೆದ ಮೇಲೆ ನೀರು ಆರಲು ಬಿಡದೆ ಒಣಬಟ್ಟೆಯಲ್ಲಿ ಒರೆಸಿದರೆ ಕಲೆ ಕೂರುವುದೇ ಕಮ್ಮಿ. ಉಳಿದ ನಾಲ್ಕೈದು ಟೈಲ್ಸನ್ನು ಬಾಕ್ಸ್ ಸಮೇತ ಅಟ್ಟದ ಮೇಲಿಡಿ. ಮುಂದೆ ಒಂದು ಒಡೆದರೆ ಅದೇ ಶೇಡ್ ಅಂಗಡಿಯಲ್ಲಿ ಸಿಗುವುದು ಕಷ್ಟ.