ಮೊದಲು ತಡೆ, ಆಮೇಲೆ ವಿಚಾರಣೆ: ನಮ್ಮ ಓದುವ ಗ್ರೂಪಿನ ಅನುಭವ

ರಾಯಚೂರಿನಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪೊಲೀಸ್ ಪರೀಕ್ಷೆಗೆ ಓದುವವರಿಗಾಗಿ ನಾನೊಂದು ವಾಟ್ಸಾಪ್ ಗ್ರೂಪ್ ನಡೆಸುತ್ತೇನೆ. ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗದ ಹುಡುಗರು, ಹುಡುಗಿಯರು ಇದ್ದಾರೆ. ಹಳೆ ಪ್ರಶ್ನೆಪತ್ರಿಕೆ, ನೋಟ್ಸ್, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಸರ್ಟಿಫಿಕೇಟಿಗೆ ಏನೇನು ಕಾಗದ ಬೇಕು, ದಿನವೂ ಇವೇ ಮಾತು. ಒಂದು ಗ್ರೂಪಿಗೆ ವಾಟ್ಸಾಪ್ 1024 ಜನರನ್ನು ಬಿಡುತ್ತದೆ. ನಮ್ಮದು ತುಂಬುತ್ತಾ ಬಂದ ಹಾಗೆ ದೂರುಗಳೂ ಶುರುವಾದವು. ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ ಅಲ್ವಾ, ತೊಂದರೆ ಶುರುವಾಗುವುದು ಅಲ್ಲಿಂದಲೇ.

ಮೊದಲ ದೊಡ್ಡ ದೂರು ಬಂದದ್ದು ಒಂದು ರಾತ್ರಿ ಹನ್ನೊಂದಕ್ಕೆ. ಒಂದೇ ಒಂದು ಸ್ಕ್ರೀನ್‌ಶಾಟ್. ಮೇಲೆ ನಮ್ಮ ಸದಸ್ಯನೊಬ್ಬನ ಹೆಸರು, ಫೋಟೋ. ಕೆಳಗೆ ಜಾತಿ ಹಿಡಿದು ಬೈದ ನಾಲ್ಕು ಸಾಲು. ನನಗೆ ಮೈಯೆಲ್ಲಾ ಉರಿಯಿತು. ಎರಡೇ ನಿಮಿಷದಲ್ಲಿ ಅವನನ್ನು ತೆಗೆದೆ. ಸುಮ್ನೆ ತೆಗೆಯಲಿಲ್ಲ, ಹೆಸರು ಹಾಕಿ, "ಇಂಥವರಿಗೆ ಇಲ್ಲಿ ಜಾಗ ಇಲ್ಲ" ಎಂದು ಬರೆದೆ.

ಮರುದಿನ ಅವನು ಬಸ್ ಹತ್ತಿ ಊರಿಂದ ಬಂದ. ತೀನ್ ಕಂದೀಲ್ ಹತ್ತಿರ ಚಹಾ ಅಂಗಡಿಯಲ್ಲಿ ಕೂತೆವು. ಚಹಾ ಮುಟ್ಟಲಿಲ್ಲ. ತನ್ನ ಫೋನ್ ನನ್ನ ಕೈಗಿಟ್ಟು, "ಅಣ್ಣಾ, ಅದು ನನ್ನ ನಂಬರ್ ಅಲ್ರಿ. ನನ್ನ ಹೆಸರಿನ್ಯಾಗ ಯಾರೋ ಬ್ಯಾರೆ ನಂಬರ್ ಸೇವ್ ಮಾಡ್ಯಾರ" ಅಂದ.

ಅವನು ಹೇಳಿದ್ದು ನಿಜ. ವಾಟ್ಸಾಪ್ ಚಾಟಿನ ಮೇಲೆ ಕಾಣುವ ಹೆಸರು ಫೋನ್ ಇಟ್ಟುಕೊಂಡವರು ಸೇವ್ ಮಾಡಿದ ಹೆಸರು. ನಿಮ್ಮ ತಮ್ಮನ ನಂಬರನ್ನು ನನ್ನ ಹೆಸರಲ್ಲಿ ಸೇವ್ ಮಾಡಿ ನೋಡಿ, ಅವನ ಮೆಸೇಜೆಲ್ಲ ನನ್ನದೇ ಆಗಿ ಕಾಣುತ್ತದೆ. ಡಿಪಿ ಕದಿಯುವುದು ಇನ್ನೂ ಸುಲಭ. ದೂರು ಕೊಟ್ಟವನ ಫೋನಿನಲ್ಲೇ ಆ ಚಾಟ್ ತೆರೆಸಿ, ಹೆಸರು ಒತ್ತಿಸಿ ನಂಬರ್ ನೋಡಿದೆ. ಬೇರೆಯದೇ ಇತ್ತು. ಗ್ರೂಪಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿದೆ, ವಾಪಸ್ ಸೇರಿಸಿದೆ. ಆದರೆ ನನ್ನ ಮೊದಲ ಸಾಲು ಅಷ್ಟರಲ್ಲಿ ಅವನ ಊರಿನ ಗ್ರೂಪುಗಳಿಗೆ ಹೋಗಿತ್ತು. ಇದೇನೆಂದು ಅವರಪ್ಪ ಅವನನ್ನು ಕೇಳಿದರಂತೆ. ನನ್ನ ಕ್ಷಮೆಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಆಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಸಿಂಧನೂರು ಕಡೆಯ ಒಬ್ಬ ಹುಡುಗಿ ಬರೆದಳು: "ಅಣ್ಣಾ, ಗ್ರೂಪಿನವ್ರೊಬ್ರು ದಿನಾ ರಾತ್ರಿ ಮೆಸೇಜ್ ಮಾಡಾಕತ್ಯಾರ್ರಿ. ಬ್ಯಾಡ ಅಂದ್ರೂ ಬಿಡವಲ್ರು." ಅವನು ನಮಗೆ ಗಣಿತದ ನೋಟ್ಸ್ ಕೊಡುತ್ತಿದ್ದ ಹುಡುಗ. ನಾನು ಕೇಳಿದ್ದು ಒಂದೇ ಮಾತು: "ಪ್ರೂಫ್ ಐತೇನಮ್ಮ?" ಮನೆಯಲ್ಲಿ ಯಾರಾದರೂ ಫೋನ್ ನೋಡಿಯಾರು ಎಂಬ ಹೆದರಿಕೆಗೆ ಅವಳು ಎಲ್ಲಾ ಅಳಿಸಿದ್ದಳು. ಇಲ್ಲ ಅಂದಳು. ನಾನು ಸುಮ್ಮನಾದೆ. ಒಂದು ವಾರಕ್ಕೆ ಅವಳು ಗ್ರೂಪ್ ಬಿಟ್ಟಳು. ಐದಾರು ತಿಂಗಳಾದ ಮೇಲೆ ಇನ್ನಿಬ್ಬರು ಹುಡುಗಿಯರು ಅದೇ ಹುಡುಗನ ಬಗ್ಗೆ ಅದೇ ಮಾತು ಹೇಳಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡು ಸಲವೂ ನಾನು ಮಾಡಿದ ತಪ್ಪು ಒಂದೇ ಎಂದು ಆಗ ಹೊಳೆಯಿತು. ತಡೆಯುವುದನ್ನೂ ತೀರ್ಪು ಕೊಡುವುದನ್ನೂ ಒಂದೇ ಕೆಲಸ ಅಂದುಕೊಂಡಿದ್ದೆ. ತೊಂದರೆ ಅವತ್ತೇ ನಿಲ್ಲಬೇಕು, ಅದಕ್ಕೆ ಪೂರ್ತಿ ಸಾಕ್ಷಿ ಬೇಕಿಲ್ಲ. ಒಬ್ಬನನ್ನು ತಪ್ಪಿತಸ್ಥ ಅನ್ನಲು ಮಾತ್ರ ಸಾಕ್ಷಿ ಬೇಕು, ಅವನ ಮಾತೂ ಕೇಳಬೇಕು, ಅದಕ್ಕೆ ನಾಲ್ಕು ದಿನ ಹಿಡಿದರೆ ಹಿಡಿಯಲಿ.

ಈಗ ಮೂವರು ಅಡ್ಮಿನ್ ಇದ್ದೇವೆ. ಇಬ್ಬರು ಹೆಣ್ಣುಮಕ್ಕಳು, ಅವರಲ್ಲಿ ಒಬ್ಬರು ಶಾಲೆಯ ಟೀಚರ್, ಎಲ್ಲರಿಗೂ ಅಕ್ಕ. ಯಾರ ಮೇಲೆ ದೂರು ಬಂದಿದೆಯೋ ಅವರು ನಮ್ಮಲ್ಲೊಬ್ಬರ ಸಂಬಂಧಿಯೋ ರೂಮ್‌ಮೇಟೋ ಆಗಿದ್ದರೆ ಆ ಅಡ್ಮಿನ್ ದೂರ ಕೂರಬೇಕು. ಇದರಲ್ಲಿ ದಾಕ್ಷಿಣ್ಯ ಇಲ್ಲ.

ದೂರು ಬಂದ ದಿನವೇ ಅಕ್ಕ ಉತ್ತರ ಕೊಡುತ್ತಾರೆ. ನಮ್ಮ ಮೂವರನ್ನು ಬಿಟ್ಟು ಯಾರಿಗೂ ಹೇಳುವುದಿಲ್ಲ ಎನ್ನುತ್ತಾರೆ. ಏನಾಯಿತು, ಯಾವಾಗಿಂದ ಎಂದು ಕೇಳುತ್ತಾರೆ. ಸಾಕ್ಷಿಯ ಮಾತು ಆಮೇಲೆ. ಮೆಸೇಜ್ ಇದ್ದರೆ ಅಳಿಸಬೇಡಿ, ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ (ಪೂರ್ತಿ ಚಾಟನ್ನು ಫೈಲಾಗಿ ತೆಗೆದಿಡಿ), ಆಮೇಲೆ ಬ್ಲಾಕ್ ಮಾಡಿ ಅನ್ನುತ್ತಾರೆ. ವಾಟ್ಸಾಪಿಗೇ ರಿಪೋರ್ಟ್ ಮಾಡಬಹುದು ಎಂದೂ ಹೇಳುತ್ತೇವೆ. ಆ ವ್ಯಕ್ತಿ ಕಳಿಸಿದ ಕೊನೆಯ ಐದು ಮೆಸೇಜ್ ಕಂಪನಿಗೆ ಹೋಗುತ್ತವೆ, ರಿಪೋರ್ಟ್ ಮಾಡಿದ್ದು ಆ ಕಡೆಯವರಿಗೆ ತಿಳಿಯುವುದಿಲ್ಲ. ಸ್ಕ್ರೀನ್‌ಶಾಟ್ ಒಂದನ್ನೇ ನಂಬುವುದನ್ನು ಬಿಟ್ಟಿದ್ದೇವೆ. ನಂಬರ್ ನೋಡಿಯೇ ಮುಂದಿನ ಮಾತು.

ತಡೆಯುವುದು ಹೇಗೆ? ನಾವು ಯಾರನ್ನಾದರೂ ತೆಗೆದರೆ ಗ್ರೂಪಿಗೆಲ್ಲಾ ಕಾಣುತ್ತದೆ, ಅಲ್ಲೇ ಅರ್ಧ ತೀರ್ಪು ಆಗಿಹೋಗುತ್ತದೆ. ತಾನಾಗಿ ಬಿಟ್ಟರೆ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಬರುತ್ತದೆ. ಅದಕ್ಕೇ ಫೋನ್ ಮಾಡಿ, "ತಮ್ಮಾ, ನಿನ್ನ ಮ್ಯಾಲೆ ಒಂದು ಮಾತು ಬಂದೈತಿ. ನಾಲ್ಕು ದಿನ ನೀನಾ ಹೊರಗಿರು, ಯಾರಿಗೂ ಮೆಸೇಜ್ ಮಾಡಬ್ಯಾಡ. ತಪ್ಪು ನಿಂದಾ ಅಂತ ಹೇಳಾಕತ್ತಿಲ್ಲ" ಅನ್ನುತ್ತೇವೆ. ಹೆಚ್ಚಿನವರು ಒಪ್ಪುತ್ತಾರೆ. ಗ್ರೂಪಿನಲ್ಲೇ ಬೈದಾಟ ಎದ್ದಿದ್ದರೆ ಒಂದು ರಾತ್ರಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಡುತ್ತೇವೆ. ಎಲ್ಲರ ಬಾಯಿಗೂ ಒಟ್ಟಿಗೇ ಬೀಗ, ಒಬ್ಬನ ಕಡೆ ಬೆರಳು ಹೋಗುವುದಿಲ್ಲ.

ವಿಚಾರಣೆಯಲ್ಲಿ ಆರೋಪ ಏನೆಂದು ಅವನಿಗೆ ಪೂರ್ತಿ ಹೇಳುತ್ತೇವೆ, ಹೇಳಿದವರ ಹೆಸರು ಹೇಳುವುದಿಲ್ಲ. ಕೆಲವು ಸಲ ವಿಷಯ ಹೇಳಿದರೇ ಯಾರೆಂದು ಗೊತ್ತಾಗಿಬಿಡುತ್ತದೆ. ಆಗ ಮೊದಲು ದೂರು ಕೊಟ್ಟವಳನ್ನೇ ಕೇಳುತ್ತೇವೆ. ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿ, ಬರೆದಿಟ್ಟುಕೊಳ್ಳುತ್ತೇವೆ. ಬರೆದಿಡಲು ಅಕ್ಕನ ಮನೆಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇದೆ. ತಾರೀಖು, ನಂಬರಿನ ಕೊನೆಯ ನಾಲ್ಕು ಅಂಕಿ, ಏನಾಯಿತು, ಏನು ಮಾಡಿದೆವು. ಎರಡನೇ ದೂರು ಬಂದಾಗ ಆ ಪುಟ ಮಾತಾಡುತ್ತದೆ.

ಅಡ್ಮಿನ್ ಆದರೆ ಜೈಲಿಗೆ ಹೋಗಬೇಕಾಗುತ್ತದೆ ಎಂಬ ಹೆದರಿಕೆಯಿಂದ ಸಿಕ್ಕವರನ್ನೆಲ್ಲಾ ತೆಗೆಯುವವರನ್ನು ನೋಡಿದ್ದೇನೆ. ಬೇರೆಯವರು ಹಾಕಿದ ಪೋಸ್ಟಿಗೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅವನು ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹೆದರಿ ಅವಸರ ಮಾಡುವುದು ಬೇಡ. ಹಾಗೆಂದು ದೊಡ್ಡ ವಿಷಯವನ್ನು ನಾವೇ ಇಟ್ಟುಕೊಳ್ಳುವುದೂ ತಪ್ಪು. ಬೆದರಿಕೆ, ಫೋಟೋ ಹಾಕುತ್ತೇನೆ ಎನ್ನುವುದು, ಜಾತಿ ನಿಂದನೆ, ಇವು ಪೊಲೀಸರ ಕೆಲಸ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆಯೇ ಇದೆ. ತುರ್ತಾದರೆ 112. ಹೆಣ್ಣುಮಕ್ಕಳ ಮೇಲಿನ ಅಶ್ಲೀಲ ಫೋಟೋ, ವಿಡಿಯೋ ಇದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. "ಇಲ್ಲೇ ಮುಗಿಸಿಕೊಳ್ರಿ" ಅನ್ನುವ ಹಕ್ಕು ನಮಗಿಲ್ಲ. ಬೇಕಾದರೆ ಅಕ್ಕ ಸ್ಟೇಷನ್‌ವರೆಗೂ ಜೊತೆಗೆ ಹೋಗುತ್ತಾರೆ.

ಆ ಇಬ್ಬರು ಹುಡುಗಿಯರು ಹೇಳಿದ ಮೇಲೆ ಸಿಂಧನೂರಿನ ಹುಡುಗಿಗೆ ನಾನೇ ಫೋನ್ ಮಾಡಿದೆ. ತಪ್ಪು ನನ್ನದು ಎಂದು ಹೇಳಿ, ಆಗ ಏನಾಗಿತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ಗಂಟೆಯಾದ ಮೇಲೆ ಮೂರು ಫೋಟೋ ಕಳಿಸಿದಳು. ಅವಳ ಇತಿಹಾಸದ ನೋಟ್ಸ್. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ತಾರೀಖು, ಹೊತ್ತು, ಅವನು ಬರೆದದ್ದು. ಹನ್ನೊಂದು ದಿನದ್ದು. ಅವಳ ಒಪ್ಪಿಗೆ ತೊಗೊಂಡು ಅದನ್ನು ಅವನ ಮುಂದಿಟ್ಟೆವು. ಒಪ್ಪಿಕೊಂಡ, ಹೊರಗೆ ಹೋದ. ಗಣಿತದ ನೋಟ್ಸನ್ನು ಈಗ ಮೂವರು ಸೇರಿ ಭಾನುವಾರ ಮಾಡುತ್ತಾರೆ. ಅವಳು ಮಾತ್ರ ಗ್ರೂಪಿಗೆ ಮರಳಲಿಲ್ಲ.