ತೋಟ ಸುತ್ತಿ ಬಂದ ನಾಯಿಯನ್ನು ಜಗಲಿ ಹತ್ತಿಸುವ ಮುಂಚೆ

ಮಲೆನಾಡಿನ ಮನೆನಾಯಿಗೆ ಕಾಂಪೌಂಡು, ಗೇಟು ಎಂಬುದಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗುವವರ ಹಿಂದೆ ಹೊರಟರೆ ಸೊಪ್ಪಿನಬೆಟ್ಟ, ಹಳ್ಳ, ಗದ್ದೆಯಂಚು ಎಲ್ಲ ಸುತ್ತಿ ಊಟದ ಹೊತ್ತಿಗೆ ಬಂದು ಜಗಲಿಯಲ್ಲಿ ಬೀಳುತ್ತದೆ. ಅದೇ ಜಗಲಿಯಲ್ಲಿ ಮಗು ಅಂಬೆಗಾಲಿಡುತ್ತಿರುತ್ತದೆ. ಹಾಗಾಗಿ ಇಲ್ಲಿ ನಾಯಿ ಸಾಕುವವರು ಮೊದಲು ಕಲಿಯಬೇಕಾದದ್ದು ರಕ್ತ ಹೀರುವ ಉಣುಗು, ಅಂದರೆ ಉಣ್ಣೆ, ಅಂಟಿದೆಯೇ ಎಂದು ಅದರ ಮೈ ನೋಡುವುದನ್ನು. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನವೂ ಬೇಕು.

ಅಂಗಳದಲ್ಲಿ ಬೆಳಕಿರುವ ಕಡೆ ನಿಲ್ಲಿಸಿ ಮೊದಲು ಕುತ್ತಿಗೆಯ ಪಟ್ಟಿ ಬಿಚ್ಚಿ. ಉಣುಗು ಅಡಗಿಕೊಳ್ಳುವುದೂ ಅಲ್ಲೇ, ನೋಡುವವರು ಮರೆಯುವುದೂ ಅಲ್ಲೇ. ಆಮೇಲೆ ಬೆರಳತುದಿಯಿಂದ ಕೂದಲನ್ನು ಎದುರುಮುಖವಾಗಿ ಸರಿಸುತ್ತಾ ಬಾಲದ ಬುಡದಿಂದ ತಲೆಯ ಕಡೆಗೆ ಬನ್ನಿ. ಕಿವಿಯ ಒಳಮಡಿಕೆ, ಕಣ್ಣಿನ ಅಂಚು, ಮುಂಗಾಲಿನ ಕಂಕುಳು, ತೊಡೆಸಂದು, ಬಾಲದ ಅಡಿ, ಕಾಲ್ಬೆರಳ ನಡುವಿನ ಚರ್ಮ, ಇಷ್ಟನ್ನೂ ಬಿಡಿಸಿ ನೋಡಬೇಕು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಬೂದುಬಣ್ಣದ ಗುಳ್ಳೆಯಂತೆ ಕೈಗೆ ಸುಲಭವಾಗಿ ಸಿಗುತ್ತದೆ. ಮರಿ ಉಣುಗು ಎಳ್ಳಿಗಿಂತಲೂ ಸಣ್ಣದು, ಕಣ್ಣಿಗೆ ಕಸದಂತೆ ಕಾಣುತ್ತದೆ. ಉಗುರಿನಿಂದ ಮೆಲ್ಲಗೆ ಕೆರೆದಾಗ ಕದಲದಿದ್ದರೆ ಅದು ಕಸವಲ್ಲ.

ಕೀಳಲು ಚೂಪು ತುದಿಯ ಚಿಮಟ ಬೇಕು. ಹೊಟ್ಟೆಯನ್ನು ಹಿಡಿಯಬೇಡಿ. ಚರ್ಮಕ್ಕೆ ಒತ್ತಿದಂತೆ ಬಾಯಿಯ ಬುಡವನ್ನೇ ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನೆ ಮೇಲಕ್ಕೆ ಎಳೆಯಿರಿ. ಕೆಲವು ಕ್ಷಣ ಹಿಡಿದೆಳೆದರೆ ತಾನಾಗಿ ಬಿಡುತ್ತದೆ. ಸೀಮೆಎಣ್ಣೆ ಹಚ್ಚುವುದು, ಸುಣ್ಣ ಮೆತ್ತುವುದು, ಬೀಡಿಯ ಕೆಂಡ ತಾಗಿಸುವುದು ನಮ್ಮ ಕಡೆ ರೂಢಿಯಲ್ಲಿದೆ. ಹಾಗೆ ಮಾಡಿದರೆ ನಾಯಿಯ ಚರ್ಮ ಸುಡುತ್ತದೆ, ಹಿಂಸೆಗೊಂಡ ಉಣುಗು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕುವ ಸಂಭವವೂ ಇದೆ. ಕಿತ್ತದ್ದನ್ನು ಉಗುರಿನಲ್ಲಿ ಹಿಚುಕಬೇಡಿ, ಸ್ಪಿರಿಟ್ ಇರುವ ಶೀಸೆಗೆ ಹಾಕಿ, ಇಲ್ಲವೇ ಬಚ್ಚಲ ಒಲೆಗೆ ಎಸೆಯಿರಿ. ಆಮೇಲೆ ಕೈಗೆ ಸೋಪು. ಈ ಕೆಲಸವನ್ನು ಮಕ್ಕಳಿಗೆ ಆಟವೆಂದು ಕೊಡಬಾರದು.

ಇಷ್ಟು ಬಿಗಿ ಯಾಕೆಂದರೆ ಇದು ಉಣುಗು ಕಚ್ಚಿ ಮನುಷ್ಯರಿಗೂ ಬರುವ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಆ ವೈರಸ್ ಮೊದಲು ಪತ್ತೆಯಾದದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ನಿಂತ ಮೇಲೆ, ಸುಮಾರು ನವೆಂಬರಿನಿಂದ ಮೇವರೆಗೆ, ಕಾಡಿನ ನೆಲದಲ್ಲಿ ಮರಿ ಉಣುಗಿನ ಕಾಲ. ಮನೆಯೊಳಗೆ ಹೆಚ್ಚಾಗಿ ಕಾಣುವುದು ನಾಯಿಗೆ ಅಂಟುವ ಕಂದು ಉಣುಗು, ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಬೇರೆ ಜಾತಿ. ಬರಿಗಣ್ಣಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಕಾಡು ಸುತ್ತಿದ ನಾಯಿಯ ಮೈಯಲ್ಲಿ ಎರಡೂ ಬರಬಹುದು, ಹಾಗಾಗಿ ಎಲ್ಲಕ್ಕೂ ಒಂದೇ ಎಚ್ಚರ. ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಮೊದಲು ನಾಯಿಯನ್ನು ಕಟ್ಟಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸತ್ತ ಮಂಗವನ್ನು ಬಿಟ್ಟಿಳಿದ ಉಣುಗು ಸುತ್ತಲ ದರಗಿನಲ್ಲೇ (ಉದುರಿದ ಒಣ ಎಲೆಯಲ್ಲೇ) ಕಾದಿರುತ್ತದೆ. ಮನೆಯಲ್ಲಿ ಯಾರಿಗಾದರೂ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋದದ್ದನ್ನೂ ಉಣುಗು ಕಚ್ಚಿದ್ದನ್ನೂ ವೈದ್ಯರಿಗೆ ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.

ಔಷಧಿ ಹಾಕಿದರೂ ಎರಡು ವಾರಕ್ಕೆ ಮತ್ತೆ ಉಣುಗು ಎನ್ನುವವರು ನಾಯಿಯನ್ನು ಬಿಟ್ಟು ಅದು ಮಲಗುವ ಜಾಗ ನೋಡಬೇಕು. ಕಂದು ಉಣುಗು ರಕ್ತ ಕುಡಿದು ಉದುರಿ, ಗೋಡೆಯ ಬಿರುಕು, ಕಲ್ಲುಸಂದು, ಗೋಣಿಚೀಲದ ಮಡಿಕೆಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ನಾಯಿಯ ಗೋಣಿಯನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಬಿರುಕಿಗೆ ಸಿಮೆಂಟ್ ತುಂಬಿ. ಕೊಟ್ಟಿಗೆಗೆಂದು ಬೆಟ್ಟದಿಂದ ತಂದ ದರಗಿನ ರಾಶಿಯ ಮೇಲೆ ಮಲಗಲು ಬಿಟ್ಟರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಔಷಧಿಯಲ್ಲಿ ತಿಂಗಳಿಗೊಮ್ಮೆ ಕೊಡುವ ಮಾತ್ರೆ, ಮೂರು ತಿಂಗಳು ಕೆಲಸ ಮಾಡುವ ಮಾತ್ರೆ ಎರಡೂ ಬಂದಿವೆ. ಬೆಲೆ ಹೆಚ್ಚು, ಆದರೆ ಮಳೆಯಲ್ಲಿ ನೆನೆಯುವ ನಾಯಿಗೆ ಅದೇ ಒಳ್ಳೆಯದು, ತೊಳೆದು ಹೋಗುವುದಿಲ್ಲ. ಫಿಟ್ಸ್ ಬರುವ ನಾಯಿಯಾದರೆ ಕೊಡುವ ಮೊದಲೇ ಪಶುವೈದ್ಯರಿಗೆ ಹೇಳಿ. ಅಗ್ಗದ ದಾರಿ ನೀರಿಗೆ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ಎಂಬ ಉಣುಗಿನ ಔಷಧಿ. ಶೇ. 12.5ರ ದ್ರಾವಣವಾದರೆ ಒಂದು ಲೀಟರ್ ನೀರಿಗೆ 2 ಮಿ.ಲೀ. ಕಣ್ಣು, ಬಾಯಿ, ಗಾಯ ಬಿಟ್ಟು ಸ್ಪಂಜಿನಿಂದ ಮೈಗೆಲ್ಲ ಹಚ್ಚಿ, ತೊಳೆಯದೆ ನೆರಳಲ್ಲಿ ಒಣಗಿಸಬೇಕು. ಒಣಗುವವರೆಗೆ ನೆಕ್ಕಬಾರದು, ಮಗು ಮುಟ್ಟಬಾರದು, ಹಚ್ಚುವವರು ಕೈಗವಸು ಹಾಕಬೇಕು. ನಾಲ್ಕು ತಿಂಗಳೊಳಗಿನ ಮರಿಗೆ ಬೇಡ, ಬೆಕ್ಕಿಗಂತೂ ಬೇಡವೇ ಬೇಡ. ದನಕ್ಕೆಂದು ತಂದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ನಾಯಿಗೆ ಕೊಡುವುದು ಅಪಾಯ. ಕೆಲವು ತಳಿಗಳಿಗೆ ಅದು ನೇರ ಮೆದುಳಿಗೆ ಏರುತ್ತದೆ.

ಇಷ್ಟಾದರೂ ನಾಯಿಗೆ ಉಣುಗು ಜ್ವರ ಬರಬಹುದು. ನಾಯಿ ಒಂದು ಹೊತ್ತು ಊಟ ಬಿಟ್ಟರೆ ತುಟಿ ಎತ್ತಿ ವಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ. ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 101ರಿಂದ 102.5 ಫ್ಯಾರನ್‌ಹೀಟ್ ತೋರಿಸಿದರೆ ನಾಯಿಗೆ ಅದು ಸಹಜ, ಮನುಷ್ಯರ ಲೆಕ್ಕ ಹಿಡಿದು ಗಾಬರಿಯಾಗಬೇಕಿಲ್ಲ. ಮಕ್ಕಳ ಜ್ವರದ ಸಿರಪ್ ಮಾತ್ರ ಕುಡಿಸಬೇಡಿ: ಪ್ಯಾರಾಸಿಟಮಾಲ್ ಯಕೃತ್ತನ್ನು, ಐಬುಪ್ರೊಫೇನ್ ಹೊಟ್ಟೆ ಮತ್ತು ಮೂತ್ರಪಿಂಡವನ್ನು ಕೆಡಿಸುತ್ತದೆ. ಉಣುಗು ಜ್ವರಗಳಲ್ಲಿ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ್ದು ಎಂದು ಗೊತ್ತಾದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 28 ದಿನ ಬರೆದುಕೊಡುತ್ತಾರೆ. ನಾಲ್ಕನೇ ದಿನಕ್ಕೆ ನಾಯಿ ಗಂಜಿ ನೆಕ್ಕತೊಡಗಿತೆಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಮರುಕಳಿಸುತ್ತದೆ.

ಮಳೆಗಾಲದಲ್ಲಿ ಉಣುಗಿನ ಜಾಗಕ್ಕೆ ಇಂಬಳ (ಜಿಗಣೆ) ಬರುತ್ತದೆ. ಕಾಲ್ಬೆರಳ ಸಂದಿನದಕ್ಕೆ ಚಿಟಿಕೆ ಉಪ್ಪು ಸಾಕು. ಹಳ್ಳದ ನೀರು ಕುಡಿದ ನಾಯಿ ಪದೇ ಪದೇ ಸೀನುತ್ತಾ, ಒಂದೇ ಹೊಳ್ಳೆಯಲ್ಲಿ ರಕ್ತ ಸುರಿಸುತ್ತಿದ್ದರೆ ಒಳಗೆ ಇಂಬಳ ಸೇರಿದೆಯೆಂದು ಶಂಕಿಸಿ. ಮೂಗಿಗೆ ಉಪ್ಪುನೀರು ಹಾಕಬೇಡಿ, ಪಶುವೈದ್ಯರು ತೆಗೆಯುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಿನ ನಾಯಿಯನ್ನು ಕಟ್ಟಿಹಾಕಿ, ಡ್ರಮ್ಮಿನಲ್ಲಿ ಉಳಿದ ದ್ರಾವಣ ಚೆಲ್ಲಿ ತೊಳೆಯುವವರೆಗೂ ಬಿಡಬೇಡಿ. ನೀಲಿ-ಹಸಿರು ವಾಂತಿ ಮಾಡಿದರೆ ಮೈಲುತುತ್ತ ಹೊಟ್ಟೆಗೆ ಹೋಗಿರಬಹುದು. ರಾತ್ರಿ ಮಾತ್ರ ನಾಯಿ ಬಾಗಿಲೊಳಗೇ ಇರಲಿ, ಹೊರಗೆ ಸರಪಳಿಯಲ್ಲಿರುವ ನಾಯಿಗೆ ಚಿರತೆ ಬಂದರೆ ಓಡಲೂ ದಾರಿಯಿಲ್ಲ.

ಮಕ್ಕಳ ವಿಷಯ

ನಾಯಿ ಮುನ್ಸೂಚನೆ ಇಲ್ಲದೆ ಕಚ್ಚಿತು ಎನ್ನುವುದು ಬಹುಪಾಲು ನಿಜವಲ್ಲ. ಮಗು ಕುತ್ತಿಗೆ ತಬ್ಬಿಕೊಂಡಾಗ ಮುಖ ಆಚೆ ತಿರುಗಿಸುತ್ತದೆ, ಬಾಯಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ತೋರಿಸುತ್ತದೆ. ಕೊನೆಗೆ ಮೈ ಸೆಟೆದು ಅಲುಗಾಡದೆ ನಿಂತುಬಿಡುತ್ತದೆ. ಗುರ್ರೆನ್ನುವುದು ಇವೆಲ್ಲದರ ನಂತರ. ಹಾಗೆ ಗುರುಗುಟ್ಟಿದ್ದಕ್ಕೆ ಹೊಡೆದು ಸುಮ್ಮನಾಗಿಸಿದರೆ ಅದು ಮುಂದಿನ ಸಲ ಗುರ್ರೆನ್ನದೆಯೇ ಕಚ್ಚಲು ಕಲಿಯುತ್ತದೆ. ಮಗುವನ್ನು ಎತ್ತಿಕೊಂಡು ದೂರ ಹೋಗುವುದೇ ಸರಿ.

ಆರೇಳು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧು ನಾಯಿಯಾದರೂ ಅದರ ಜೊತೆ ಒಂಟಿಯಾಗಿ ಬಿಡಬಾರದು. ನಾಯಿಯ ತಟ್ಟೆ ಮಕ್ಕಳು ಓಡಾಡುವ ಅಂಗಳದಲ್ಲಿ ಬೇಡ, ಹಿತ್ತಲ ಕಡೆ ಇರಲಿ. ತಿನ್ನುವಾಗ, ಮಲಗಿದ್ದಾಗ, ಮರಿ ಹಾಕಿದ್ದಾಗ, ಕಟ್ಟಿದ್ದಾಗ ಹತ್ತಿರ ಹೋಗಬಾರದು ಎಂಬ ನಾಲ್ಕು ಮಾತನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಅಡಿಕೆ ಕೊಯ್ಲಿನಲ್ಲಿ ಮರವೇರಿ ಗೊನೆ ಇಳಿಸುವ ಕೊನೆಗಾರರು, ಸುಲಿಯುವವರು, ನೆಂಟರು ಸೇರಿ ಮನೆ ಗಿಜಿಗುಡುವಾಗ ಸಾಧು ನಾಯಿಯೂ ಸಿಡುಕುತ್ತದೆ. ಆ ದಿನಗಳಲ್ಲಿ ಹಿತ್ತಲಿನ ಒಂದು ಮೂಲೆ ಅದಕ್ಕೇ ಬಿಡಿ. ಬೀದಿನಾಯಿ ಎದುರಾದರೆ ಓಡದೆ, ಕೂಗದೆ, ಕೈ ಮೈಗಂಟಿಸಿ ಅಡಿಕೆ ಮರದ ಹಾಗೆ ನಿಲ್ಲು ಎಂದು ಹೇಳಿಕೊಡಿ. ಕೆಡವಿದರೆ ಮುದುಡಿ ಮಲಗಿ ಕುತ್ತಿಗೆ, ಕಿವಿಗಳನ್ನು ಕೈಯಿಂದ ಮುಚ್ಚಿಕೊಳ್ಳಬೇಕು.

ಮರಿಗೆ ಎರಡು ವಾರದಿಂದ ಜಂತುಹುಳದ ಔಷಧಿ, 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಗದ್ದೆ, ಇಲಿ ಇರುವಲ್ಲಿ ಇಲಿ ಜ್ವರದ (ಲೆಪ್ಟೊಸ್ಪೈರೊಸಿಸ್) ಲಸಿಕೆಯನ್ನೂ ಕೇಳಿ ಹಾಕಿಸಿ. ದೊಡ್ಡದಾದ ಮೇಲೂ ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ತಪ್ಪಿಸಬೇಡಿ, ಅಂಗಳದ ಮಣ್ಣಲ್ಲಿ ಆಡುವ ಮಗುವಿನ ಬಾಯಿಗೆ ಹೋಗುವುದು ಅದೇ ಹುಳದ ಮೊಟ್ಟೆ.

ಕಚ್ಚಿಯೇಬಿಟ್ಟರೆ, ಪರಚಿ ರಕ್ತ ಬಂದರೂ, ಮೊದಲ ಕೆಲಸ ನಲ್ಲಿಯ ಕೆಳಗೆ ಸೋಪು ಹಾಕಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯುವುದು. ಅರಿಶಿನ, ಕಾಫಿಪುಡಿ, ಸುಣ್ಣ, ಖಾರದಪುಡಿ ಯಾವುದೂ ಬೇಡ, ಬಟ್ಟೆಯನ್ನೂ ಬಿಗಿದು ಕಟ್ಟಬೇಡಿ. ತೊಳೆದ ತಕ್ಷಣ ಆಸ್ಪತ್ರೆ. ತೋಳಿನ ಸ್ನಾಯುವಿಗೆ ಕೊಡುವ ರೇಬಿಸ್ ಲಸಿಕೆಯಾದರೆ 0, 3, 7, 14, 28ನೇ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು, ಆ ಆಸ್ಪತ್ರೆಯಲ್ಲಿ ಇಲ್ಲವೆಂದರೆ ಎಲ್ಲಿ ಸಿಗುತ್ತದೆಂದು ಅಲ್ಲೇ ಕೇಳಿ ಹೊರಡಿ. ಕಚ್ಚಿದ್ದು ಮನೆಯ ನಾಯಿ, ಲಸಿಕೆ ಆಗಿದೆ ಎಂದು ಕಾಯುತ್ತಾ ಕೂರಬೇಡಿ. ನಾಯಿಯನ್ನು ಹೊಡೆದು ಕೊಲ್ಲಲೂ ಬೇಡಿ. ಕಟ್ಟಿಹಾಕಿ 10 ದಿನ ನೋಡಬೇಕು. ಹತ್ತು ದಿನ ಕಳೆದರೂ ಅದು ಉಂಡುಕೊಂಡು ಗಟ್ಟಿಯಾಗಿದ್ದರೆ ಉಳಿದ ಇಂಜೆಕ್ಷನ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುತ್ತಾರೆ.